ತೆರೆದ ಫೋಲ್ಡರ್ ಮುಚ್ಚುವುದು ಯಾರ ಕೆಲಸ?

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಹಳೇ ಬಿಲ್‌ಗಳನ್ನು ಸ್ಕ್ಯಾನ್ ಮಾಡಿ, ದಿನಕ್ಕೊಂದು ಫೋಲ್ಡರಿನಲ್ಲಿ ಇಟ್ಟಿದ್ದರು. ಒಟ್ಟು ಎಷ್ಟಿವೆ ಎಂದು ಎಣಿಸಲು ನನ್ನ ವಿದ್ಯಾರ್ಥಿನಿಯೊಬ್ಬಳು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಳು. ಅದು 1020 ಫೋಲ್ಡರ್ ಓದಿ ನಿಂತುಬಿಟ್ಟಿತು. ‘ಮೇಡಂ, ಡಿಸ್ಕ್ ಕೆಟ್ಟಿದೆಯಾ?’ ಎಂದಳು.

ಡಿಸ್ಕ್ ಚೆನ್ನಾಗಿಯೇ ಇತ್ತು. ಏನನ್ನೇ ತೆರೆದರೂ ಲಿನಕ್ಸ್ ಅದಕ್ಕೊಂದು ನಂಬರ್ ಕೊಡುತ್ತದೆ. ಅದೇ ಫೈಲ್ ಡಿಸ್ಕ್ರಿಪ್ಟರ್. ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವುದು 1024. ಅದರಲ್ಲಿ 0, 1, 2 ಇನ್‌ಪುಟ್, ಔಟ್‌ಪುಟ್, ತಪ್ಪಿನ ಸಂದೇಶಗಳಿಗೆ ಮೊದಲೇ ಹೋಗಿರುತ್ತವೆ. ದಿನದ ಫೋಲ್ಡರುಗಳನ್ನೆಲ್ಲ ಇಟ್ಟಿದ್ದ ಹೊರಗಿನ ಫೋಲ್ಡರಿಗೆ 3. ಉಳಿದದ್ದು 1020, ಅಲ್ವಾ? ಅವಳು ತೆರೆದದ್ದನ್ನು ಮುಚ್ಚುತ್ತಲೇ ಇರಲಿಲ್ಲ.

ಸರಿಯಾದ ಕ್ರಮ ಹೀಗಿದೆ. ಮೊದಲು ಫೋಲ್ಡರ್ ತೆರೆಯುವ ಫಂಕ್ಷನ್ ‘ಓಪನ್‌ಡಿರ್’ ಕರೆಯಿರಿ. ನಲ್, ಅಂದರೆ ‘ಏನೂ ಇಲ್ಲ’ ಎಂಬ ಉತ್ತರ, ಬಂದರೆ ಅಲ್ಲೇ ನಿಲ್ಲಿಸಿ.

ಆಮೇಲೆ ಲೂಪಿನಲ್ಲಿ, ಒಳಗಿನ ಹೆಸರುಗಳನ್ನು ಒಂದೊಂದಾಗಿ ಕೊಡುವ ‘ರೀಡ್‌ಡಿರ್’. ಫೋಲ್ಡರ್ ಮುಗಿದರೂ ನಲ್, ತಪ್ಪಾದರೂ ನಲ್. ಹಾಗಾಗಿ ಪ್ರತಿ ಸಲ ಕರೆಯುವ ಮುಂಚೆ, ತಪ್ಪಿನ ನಂಬರ್ ಇರುವ ‘ಎರ್‌ನೋ’ವನ್ನು 0 ಮಾಡಿ. ನಲ್ ಬಂದ ಮೇಲೂ ಅದು 0 ಇದ್ದರೆ ಓದುವುದು ಮುಗಿದಿದೆ ಎಂದರ್ಥ. ಒಂದು ಚುಕ್ಕಿ (ಇದೇ ಫೋಲ್ಡರ್), ಎರಡು ಚುಕ್ಕಿಯ (ಮೇಲಿನ ಫೋಲ್ಡರ್) ಹೆಸರುಗಳನ್ನು ಬಿಟ್ಟುಬಿಡಿ. ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲಲ್ಲೇ ಸುತ್ತುತ್ತಿರುತ್ತದೆ.

ಒಳಗಿನ ಫೋಲ್ಡರಿಗೆ ಹೋಗಲು ಹೆಸರುಗಳನ್ನು ಜೋಡಿಸಿ ಉದ್ದನೆಯ ಪಾತ್ (ಫೋಲ್ಡರಿನ ಪೂರ್ತಿ ವಿಳಾಸ) ಕಟ್ಟುವವರೇ ಜಾಸ್ತಿ. ನನಗದು ಇಷ್ಟವಿಲ್ಲ. ನಡುವೆ ಯಾರಾದರೂ ಮೇಲಿನ ಫೋಲ್ಡರಿನ ಹೆಸರು ಬದಲಿಸಿದರೆ ಆ ಪಾತ್ ಕೆಲಸಕ್ಕೆ ಬಾರದು. ಅದರ ಬದಲು ‘ಡಿರ್‌ಎಫ್‌ಡಿ’ಯಿಂದ ಹೊರಗಿನ ಫೋಲ್ಡರಿನ ನಂಬರ್ ಪಡೆಯಿರಿ. ಅದನ್ನೂ ಒಳಗಿನ ಹೆಸರನ್ನೂ ‘ಓಪನ್‌ಅಟ್’ಗೆ ಕೊಡಿ. ಜೊತೆಗೆ ‘ಓ_ಡೈರೆಕ್ಟರಿ’ ಸೇರಿಸಿದರೆ, ಫೋಲ್ಡರ್ ಅಲ್ಲದ್ದನ್ನು ಅದು ತೆರೆಯುವುದೇ ಇಲ್ಲ.

ಬಂದ ಹೊಸ ನಂಬರನ್ನು ‘ಎಫ್‌ಡಿಓಪನ್‌ಡಿರ್’ಗೆ ಕೊಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಈ ಕರೆ ಗೆದ್ದರೆ ಆ ನಂಬರ್ ಇನ್ನು ನಿಮ್ಮದಲ್ಲ, ಡೈರೆಕ್ಟರಿ ಸ್ಟ್ರೀಮಿನದು, ಅಂದರೆ ಫೋಲ್ಡರ್ ಓದಲು ಆ ಕರೆ ನಿಮಗೆ ಕೊಡುವ ಹಿಡಿಕೆಯದು. ಸ್ಟ್ರೀಮನ್ನು ‘ಕ್ಲೋಸ್‌ಡಿರ್’ ಮಾಡಿದರೆ ನಂಬರೂ ಮುಚ್ಚುತ್ತದೆ. ಸುಮ್ನೆ ಇರಲಿ ಎಂದು ಮತ್ತೊಮ್ಮೆ ‘ಕ್ಲೋಸ್’ ಮಾಡಬೇಡಿ. ಅಷ್ಟರಲ್ಲಿ ಅದೇ ನಂಬರ್ ಬೇರೆ ಫೈಲಿಗೆ ಹೋಗಿದ್ದರೆ, ಅದನ್ನೇ ಮುಚ್ಚಿಬಿಡುತ್ತೀರಿ! ಕರೆ ಸೋತರೆ ಮಾತ್ರ ‘ಕ್ಲೋಸ್’ ನಿಮ್ಮ ಕೆಲಸ. ‘ಡಿರ್‌ಎಫ್‌ಡಿ’ ಕೊಟ್ಟ ನಂಬರಿಗೂ ಕೈ ಹಚ್ಚಬೇಡಿ, ಅದೂ ಸ್ಟ್ರೀಮಿನದೇ.

ಮುಚ್ಚುವುದನ್ನು ಫಂಕ್ಷನ್ನಿನ ಕೊನೆಯಲ್ಲಿ ಮಾತ್ರ ಬರೆದರೆ ಸಾಲದು. ನಡುವೆ ‘ರಿಟರ್ನ್’ ಇರುವ ಕಡೆಯೆಲ್ಲ ಬೇಕು. ನನ್ನ ವಿದ್ಯಾರ್ಥಿನಿ ಮರೆತದ್ದು ಅಂಥ ಒಂದು ಜಾಗದಲ್ಲೇ.

ಆ ಒಂದು ಸಾಲು ಸೇರಿಸಿ ಪ್ರೋಗ್ರಾಂ ಮತ್ತೆ ಓಡಿಸಿದಳು. ತೆರೆದ ನಂಬರುಗಳನ್ನು, ಓಡುತ್ತಿರುವ ಪ್ರೋಗ್ರಾಂಗಳ ವಿವರ ತೋರಿಸುವ ಲಿನಕ್ಸಿನ ‘ಪ್ರೊಕ್’ ಫೋಲ್ಡರಿನಲ್ಲಿ ನೋಡುತ್ತಾ ಕೂತೆವು. ಬಿಲ್‌ಗಳೆಲ್ಲ ಎಣಿಸಿ ಮುಗಿಯುವವರೆಗೂ ಯಾವ ನಂಬರೂ 4 ದಾಟಲಿಲ್ಲ.