ಸತ್ತ ಇಲಿಯನ್ನು ನಂಬಿಸುವುದು

ಪಂಚಮಿ ಹತ್ತಿರ ಬಂತೆಂದರೆ ನಾನು ಸಾಕಿದ ಹಾವಿನ ಬಗ್ಗೆ ಪಕ್ಕದ ಮನೆಯ ಅಜ್ಜಿಯದು ಅದೇ ಪ್ರಶ್ನೆ: "ಅದಕ್ಕ ಹಾಲು ಹಾಕೂದಿಲ್ಲೇನು?" ಇಲ್ಲಬೇ, ಇಲಿ ತಿಂತೈತಿ ಅಂದರೆ, "ಗಂಗಾವತ್ಯಾಗ ಇಲಿಗೇನು ಬರ? ರೈಸ್‌ಮಿಲ್ಲಿಗೆ ಹೋಗಿ ಹಿಡ್ಕೊಂಡು ಬಾ" ಅನ್ನುತ್ತಾಳೆ. ಆದರೆ ಮಿಲ್ಲು, ಗದ್ದೆಗಳ ಇಲಿ ಯಾವ ಪಾಷಾಣ ತಿಂದು ಬಂದಿರುತ್ತದೋ ಹೇಳಲಾಗದು. ನಾನು ಕೊಡುವುದು ಸಾಕಿದ ಬಿಳಿ ಇಲಿ, ಅದೂ ಸತ್ತು ಫ್ರೀಜರ್‌ನಲ್ಲಿದ್ದದ್ದು.

ನನ್ನದು ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಜಾತಿ, ಹೆಣ್ಣು. ನಮ್ಮ ಕೇರೆ, ನಾಗರಗಳನ್ನು ಮನೆಯಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಇದಕ್ಕೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು, ಮಾಡಿಸಿದ್ದೇನೆ.

ಮೊದಲು ಜೀವಂತ ಇಲಿಯನ್ನೇ ಬಿಡುತ್ತಿದ್ದೆ. ಒಂದು ರಾತ್ರಿ ಹಾವಿಗೆ ಹಸಿವಿರಲಿಲ್ಲ, ಇಲಿಗೆ ಇತ್ತು. ಬೆಳಿಗ್ಗೆ ನೋಡಿದರೆ ಹಾವಿನ ಬೆನ್ನಿನ ಮೇಲೆ ಕಡಿದ ಗಾಯ. ಅಲ್ಲಿಗೆ ಅದು ಬಂದ್.

ಸತ್ತ ಇಲಿಯನ್ನು ಸುಮ್ಮನೆ ಮುಂದಿಟ್ಟರೆ ಮೂರು ವಾರ ಮೂಸಿ ಮೂಸಿ ತಿರುಗಿ ಹೋಯಿತು. ಬಾಲ್ ಪೈಥಾನ್‌ಗೆ ಮೇಲ್ದುಟಿಯಲ್ಲಿ ಸಣ್ಣ ಕುಳಿಗಳಿವೆ, ಶಾಖ ತಿಳಿಯುವುದು ಅವುಗಳಿಂದ. ವಾಸನೆಗೆ ನಾಲಿಗೆ. ಹಾಗಾಗಿ ಈಗ ಹಿಂದಿನ ರಾತ್ರಿಯೇ ಇಲಿಯನ್ನು ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸುತ್ತೇನೆ, ಮರುದಿನ ಕವರ್‌ನಲ್ಲಿ ಹಾಕಿ ಬಿಸಿನೀರಿಗೆ. ನೀರು 40 ಡಿಗ್ರಿ ಸಾಕು, ಕುದಿನೀರಲ್ಲಿ ಹಾಕಿದರೆ ಹೊಟ್ಟೆ ಒಡೆಯುತ್ತದೆ. ಹೊಟ್ಟೆ ಒತ್ತಿ ನೋಡಲೇಬೇಕು. ಒಮ್ಮೆ ಅವಸರದಲ್ಲಿ ನೋಡದೆ ಕೊಟ್ಟೆ, ಒಳಗೆ ಇನ್ನೂ ತಣ್ಣಗಿತ್ತು. ಮೂರನೇ ದಿನ ವಾಂತಿ. ಆ ನಾತ ಬರೆದು ತಿಳಿಸುವಂಥದ್ದಲ್ಲ. ಎರಡು ವಾರ ಮತ್ತೇನೂ ಕೊಡಲಿಲ್ಲ.

ಉದ್ದನೆಯ ಚಿಮಟದಲ್ಲಿ ಇಲಿ ಹಿಡಿದು ಸೂತ್ರದ ಗೊಂಬೆಯಂತೆ ಕುಣಿಸುತ್ತಿದ್ದೆ. ಹಾವು ಹೆದರಿ ಚೆಂಡಾಗಿ ಮುದುಡಿಕೊಳ್ಳುತ್ತಿತ್ತು. ಈಗ ಕೈ ಅಲ್ಲಾಡಿಸುವುದೇ ಇಲ್ಲ, ಆಗೊಮ್ಮೆ ಈಗೊಮ್ಮೆ ತುಸು ನಡುಗಿಸಿದರೆ ಸಾಕು. ಕತ್ತು ಇಂಗ್ಲಿಷಿನ ಎಸ್ ಆಕಾರಕ್ಕೆ ಬಂತೆಂದರೆ ಹೊಡೆಯುವುದು ಖಚಿತ. ಹೊಡೆತ ಕಣ್ಣಿಗೆ ಕಾಣುವುದಿಲ್ಲ. ಕಾಣುವಾಗ ಇಲಿಗೆ ಎರಡು ಸುತ್ತು ಬಿದ್ದಿರುತ್ತದೆ.

ಸತ್ತದ್ದನ್ನು ಹಿಂಡುವುದೇಕೆ ಎಂದು ನನಗೂ ಸೋಜಿಗವಿತ್ತು. 2012ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಇಲಿಯೊಳಗೆ ಕೃತಕ ಹೃದಯ ಬಡಿಯುವಂತೆ ಮಾಡಿ ಬೋವಾ ಹಾವುಗಳಿಗೆ ಕೊಟ್ಟರು. ಬಡಿತ ಇದ್ದ ಇಲಿಯನ್ನು ಅವು ಹೆಚ್ಚು ಹೊತ್ತು ಬಿಗಿದವು, ಬಡಿತವೇ ಇಲ್ಲದ ಇಲಿಯನ್ನು ಬೇಗ ಸಡಿಲಿಸಿದವು. ನನ್ನ ಹಾವಿನದೂ ಅದೇ ಲಕ್ಷಣ. ಸುತ್ತಿ, ಬೇಗ ಬಿಟ್ಟು, "ಇದೇನಿದು" ಎಂಬಂತೆ ಕುಳಿತುಬಿಡುತ್ತದೆ. ಆಗ ಇಲಿಯ ಬಾಲವನ್ನು ಚಿಮಟದಿಂದ ಮೆಲ್ಲಗೆ ಎಳೆದರೆ ಮತ್ತೆ ಬಿಗಿ. ಆಮೇಲೆ ಮೂತಿ ಹುಡುಕಿ ತಲೆಯ ಕಡೆಯಿಂದ ನುಂಗುತ್ತದೆ. ನಾನು ದೀಪ ಆರಿಸಿ ಹೊರಗೆ ಬರುತ್ತೇನೆ, ಎರಡು ದಿನ ಮುಟ್ಟುವುದಿಲ್ಲ.

ಏಪ್ರಿಲ್‌ನಲ್ಲಿ ಇದೆಲ್ಲ ಕೆಟ್ಟಿತು. ಅದೇ ಇಲಿ, ಅದೇ ಬಿಸಿ, ಹಾವು ಮಾತ್ರ ತಿರುಗಿಯೂ ನೋಡದು. ಥರ್ಮಾಮೀಟರ್ ಇಟ್ಟ ಮೇಲೆ ಹೊಳೆಯಿತು: ಕೂಲರ್ ಹಾಕಿದ್ದರೂ ರಾತ್ರಿ ಒಂಬತ್ತಕ್ಕೆ ಕೋಣೆ 34, ಒರೆಸಿ ತರುವಷ್ಟರಲ್ಲಿ ಇಲಿಯ ಮೈ 35. ಗೋಡೆಗೂ ಇಲಿಗೂ ವ್ಯತ್ಯಾಸವೇ ಇಲ್ಲದಿದ್ದರೆ ಆ ಕುಳಿಗಳಿಗೆ ಕಾಣುವುದೇನು? ಅಲಾರಾಂ ಇಟ್ಟು ಬೆಳಗಿನ ನಾಲ್ಕಕ್ಕೆ ಎದ್ದೆ. ಕೋಣೆ 29ಕ್ಕೆ ಇಳಿದಿತ್ತು. ಇಲಿಯ ತಲೆಯನ್ನಷ್ಟೇ ಮತ್ತೊಮ್ಮೆ ಬಿಸಿನೀರಲ್ಲಿ ಅದ್ದಿ, ಒರೆಸಿ ಹಿಡಿದೆ. ಒಂದು ನಿಮಿಷ ಆಗಿರಲಿಕ್ಕಿಲ್ಲ, ಚಿಮಟ ಕೈಯಿಂದ ಜಾರುವಂತೆ ಹೊಡೆಯಿತು. ಜೂನ್ ಮಳೆ ಹಿಡಿಯುವತನಕ ಎಲ್ಲ ಊಟವೂ ಆ ಹೊತ್ತಿಗೇ.

ಅದೇ ಬೇಸಿಗೆಯ ಮೇ ತಿಂಗಳಲ್ಲಿ ಹಗಲಿಡೀ ಕರೆಂಟ್ ಹೋಗಿ ಹನ್ನೆರಡು ಇಲಿ ಕರಗಿದವು. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು, ಹೂಳಿದೆ. ಈಗ ಆರಕ್ಕಿಂತ ಹೆಚ್ಚು ತರಿಸುವುದಿಲ್ಲ. ಫ್ರೀಜರೂ ಬೇರೆ, ಹೆಂಡತಿ ಹಾಕಿದ ಒಂದೇ ಷರತ್ತು ಅದು.