ಬೆಂಗಳೂರಿಗೆ ಹೋದಾಗ ಬಾಡಿಗೆ ಕಾರು ಬೇಕಾ ಬೇಡ್ವಾ? ಬುಕ್ ಮಾಡೋಕ್ ಮುಂಚೆ ಒಂದು ಲೆಕ್ಕ

ಮೊನ್ನೆ ನಮ್ ಭಾವ ಫೋನ್ ಮಾಡಿ, ಮಗಳ ಮದುವೆ ಜವಳಿಗೆ ಬೆಂಗಳೂರಲ್ಲಿ ಮೂರು ದಿನ ಇರ್ಬೇಕು, ಒಂದು ಸೆಲ್ಫ್ ಡ್ರೈವ್ ಕಾರು ತಗೊಂಡ್ಬಿಡ್ಲಾ ಅಂದ್ರು. ಎಲ್ಲೆಲ್ಲಿಗೆ ಹೋಗ್ಬೇಕು ಅಂದೆ. ಚಿಕ್ಕಪೇಟೆ, ಉಳ್ಕೊಳ್ಳೋದು ಮಲ್ಲೇಶ್ವರದ ಅತ್ತೆ ಮನೆ, ಎಲೆಕ್ಟ್ರಾನಿಕ್ ಸಿಟಿಲಿ ಹುಡುಗನ ಕಡೆಯವ್ರು, ಮಕ್ಕಳಿಗೆ ಬನ್ನೇರುಘಟ್ಟ. ಇದ್ರಲ್ಲಿ ಕಾರು ಬೇಕಾಗಿರೋದು ಕೊನೇದಕ್ಕೆ ಮಾತ್ರ ಅಂದ್ರೆ ಭಾವ ನಂಬ್ಲೇ ಇಲ್ಲ. ಕೋಲಾರದ ಕಡೆಯಿಂದ ಹೋಗೋರು ತುಂಬ ಜನ ಇದೇ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಫಸ್ಟು ಒಂದು ಹಾಳೆ ತಗೊಂಡು ಹೋಗ್ಬೇಕಾದ ಜಾಗಗಳನ್ನ ಬರ್ಕೊಳ್ಳಿ, ಪಕ್ಕದಲ್ಲಿ ಹತ್ತಿರದ ಮೆಟ್ರೋ ಸ್ಟೇಷನ್ ಹಾಕಿ. ನಮಗೆ ಇದು ಮುಂಚೆ ಉಪಯೋಗಕ್ಕೆ ಬರ್ತಿರ್ಲಿಲ್ಲ, 2023ರ ಅಕ್ಟೋಬರಲ್ಲಿ ಕೆ.ಆರ್.ಪುರ ಬೈಯಪ್ಪನಹಳ್ಳಿ ಮಧ್ಯೆ ಬಿಟ್ಟಿದ್ದ ತುಂಡು ಸೇರಿದ್ಮೇಲೆ ನೇರಳೆ ಲೈನು ವೈಟ್‌ಫೀಲ್ಡಿಂದ ಚಲ್ಲಘಟ್ಟದವರೆಗೆ ಒಂದೇ ಆಯ್ತು. ಈಗ ಕೋಲಾರದ ಬಸ್ಸಲ್ಲಿ ಬಂದು ಕೆ.ಆರ್.ಪುರದ ತೂಗುಸೇತುವೆ ಹತ್ರ ಇಳ್ಕೊಂಡ್ರೆ ಮೆಟ್ರೋ ಅಲ್ಲೇ, ಬಂಗಾರಪೇಟೆ ಟ್ರೈನಲ್ಲಿ ಬಂದೋರಿಗೂ ಅಷ್ಟೇ. ಟಿನ್ ಫ್ಯಾಕ್ಟರಿ ಜಾಮಲ್ಲಿ ಸ್ಟೀರಿಂಗ್ ಹಿಡ್ಕೊಂಡು ಕೂತೋರ್ನ ಮೇಲಿಂದ ನೋಡ್ಕೊಂಡು ಹೋಗೋ ಸುಖ ಬೇರೆ. ಚಿಕ್ಕಪೇಟೆಗೆ ಮೆಜೆಸ್ಟಿಕಲ್ಲಿ ಹಸಿರು ಲೈನ್ ಹತ್ತಿದ್ರೆ ಒಂದೇ ಸ್ಟಾಪು, ಮಲ್ಲೇಶ್ವರಕ್ಕೆ ಅದೇ ಲೈನಲ್ಲಿ ಆ ಕಡೆ ಹೋಗಿ ಸಂಪಿಗೆ ರೋಡಲ್ಲಿ ಇಳಿಯೋದು. ಎಲೆಕ್ಟ್ರಾನಿಕ್ ಸಿಟಿಗೆ ಆರ್.ವಿ. ರೋಡಲ್ಲಿ ಹಳದಿ ಲೈನಿಗೆ ಬದಲಾಯಿಸ್ಬೇಕು, ಅದು 2025ರ ಆಗಸ್ಟಲ್ಲಿ ಶುರುವಾಗಿದ್ದು. ಆ ವರ್ಷ ಫೆಬ್ರವರಿಲಿ ರೇಟ್ ಏರಿಸಿ ಮ್ಯಾಕ್ಸಿಮಮ್ ಟಿಕೆಟ್ 90 ರೂಪಾಯಿ ಮಾಡಿದ್ರು, ಜಾಸ್ತಿನೇ, ಆದ್ರೂ ಕಾರಿನ ಲೆಕ್ಕದ ಮುಂದೆ ಏನಲ್ಲ.

ಎರಡ್ನೇದು, ರಾತ್ರಿ ಕಾರು ಎಲ್ಲಿ ನಿಲ್ಲುತ್ತೆ. ಇದನ್ನ ಯಾರೂ ಕೇಳಲ್ಲ. ಅತ್ತೆ ಮನೆ ಗೇಟ್ ಮುಂದೆ ಈಗಾಗ್ಲೇ ಪಕ್ಕದ ಮನೆಯವ್ರ ಎರಡು ಕಾರು ಇರುತ್ತೆ. ಚಿಕ್ಕಪೇಟೆ, ಅವೆನ್ಯೂ ರೋಡಿಗೆ ಕಾರ್ ತಗೊಂಡು ಹೋಗೋದಂತೂ ತಲೆ ಕೆಟ್ಟೋರು ಮಾಡೋ ಕೆಲ್ಸ, ಸೀರೆ ಆರಿಸೋರು ನಾಲ್ಕು ಗಂಟೆ ಒಳಗಿರ್ತಾರೆ, ಕಾರು ಓಡಿಸೋರು ಹೊರಗಡೆ ಸುತ್ತು ಹಾಕ್ತಿರ್ತಾರೆ. ನಿಂತಿರೋ ಕಾರಿಗೂ ಬಾಡಿಗೆ ಓಡ್ತಾನೇ ಇರುತ್ತೆ ಅನ್ನೋದು ಮರೀಬೇಡಿ.

ಹಂಗಾದ್ರೆ ಯಾವಾಗ ಬೇಕು? ಮಂಡಿ ನೋವಿರೋ ವಯಸ್ಸಾದವ್ರು ಇದ್ದಾಗ, ಲಗೇಜ್ ಜೊತೆ ಕೈಕೂಸು ಇದ್ದಾಗ, ರಾತ್ರಿ 11 ದಾಟ್ಮೇಲೆ ವಾಪಸ್ ಬರೋದಿದ್ದಾಗ, ಬನ್ನೇರುಘಟ್ಟದಂಥ ಮೆಟ್ರೋ ಇಲ್ದಿರೋ ಕಡೆ ನಾಲ್ಕೈದು ಜನ ಹೋಗೋವಾಗ. ಆಗ್ಲೂ ಡ್ರೈವರ್ ಇರೋ ಗಾಡಿನೇ ವಾಸಿ ಅಂತೀನಿ ನಾನು. ಆದ್ರೆ ಅದನ್ನ ಕೋಲಾರದಿಂದ್ಲೇ ಮಾಡ್ಕೊಂಡ್ರೆ ಔಟ್‌ಸ್ಟೇಷನ್ ಲೆಕ್ಕ ಹಾಕ್ತಾರೆ, ಹೋಗ್ತಾ ಬರ್ತಾ ಓಡೋದು 140 ಕಿಲೋಮೀಟರ್ ಆಸುಪಾಸು, ದುಡ್ಡು ಕೊಡೋದು ದಿನಕ್ಕೆ ಕಮ್ಮಿ ಅಂದ್ರೂ 250, 300 ಕಿಲೋಮೀಟರಿಂದು, ಮೇಲೆ ಡ್ರೈವರ್ ಬಾಟಾ. ಬೆಂಗಳೂರೊಳಗೆ ಹೋಗಿ ಲೋಕಲ್ ಪ್ಯಾಕೇಜ್ ಕೇಳಿ, 8 ಗಂಟೆ 80 ಕಿಲೋಮೀಟರ್ ಅಂತ ಸಿಗುತ್ತೆ, ಮಲ್ಲೇಶ್ವರದಿಂದ ಬನ್ನೇರುಘಟ್ಟ ಹೋಗಿ ಬರಕ್ಕೆ ಸಾಕು.

ಇಲ್ಲ, ನಾನೇ ಓಡಿಸ್ತೀನಿ ಅಂತೀರಾ, ಸರಿ. ನಂಬರ್ ಪ್ಲೇಟ್ ಕಪ್ಪು ಬೋರ್ಡಲ್ಲಿ ಹಳದಿ ಅಕ್ಷರ ಇರ್ಬೇಕು, ಸೆಲ್ಫ್ ಡ್ರೈವ್ ಬಾಡಿಗೆಗೆ ಪರ್ಮಿಟ್ ಇರೋ ಗಾಡಿ ಅದು. ಫ್ರೆಂಡಿನ ಫ್ರೆಂಡ್ ಕೊಡ್ತಾನೆ ಅಂತ ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ತಗೋಬೇಡಿ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಲ್ಲಿ ಕೈ ಎತ್ತಿಬಿಡ್ತಾರೆ. ದಿನಕ್ಕೆ ಎಷ್ಟು ಕಿಲೋಮೀಟರ್ ಲಿಮಿಟ್, ದಾಟಿದ್ರೆ ಎಷ್ಟು, ಫಾಸ್ಟ್ಯಾಗಲ್ಲಿ ಕಟ್ ಆಗಿದ್ದು ಯಾರ ಲೆಕ್ಕ, ಡೆಪಾಸಿಟ್ ಯಾವಾಗ ವಾಪಸ್, ಇಷ್ಟನ್ನ ಬಾಯಲ್ಲಲ್ಲ, ಮೆಸೇಜಲ್ಲಿ ಬರೆಸ್ಕೊಳ್ಳಿ. ಸಿಗ್ನಲ್ ಕ್ಯಾಮೆರಾ ಹಾಕೋ ಫೈನು ಗಾಡಿ ಓನರಿಗೆ ಹೋಗುತ್ತೆ, ಅವ್ರು ನಿಮ್ ಡೆಪಾಸಿಟಲ್ಲಿ ಹಿಡ್ಕೋತಾರೆ.

ಕಾರ್ ತಗೊಳ್ಳೋವಾಗ ವಿಡಿಯೋ ಮಾಡಿ, ನಿಧಾನಕ್ಕೆ, ಸುತ್ತಾ. ನಾನೂ ಮಾಡಿದ್ದೆ, ನಿಂತ್ಕೊಂಡೇ ಮಾಡಿದ್ದೆ. ವಾಪಸ್ ಕೊಡೋವಾಗ ಆ ಹುಡುಗ ಮಂಡಿಯೂರಿ ಕೂತು ಮುಂದಿನ ಬಂಪರ್ ಕೆಳಗಡೆ ಬೆರಳಾಡಿಸ್ದ, ಒಂದು ಗೇಣುದ್ದ ಗೀಚು, ಅದ್ರ ಮೇಲೆ ಒಣಗಿದ ಕೆಸರು ಬೇರೆ. ನಾನು ಹೋಗಿದ್ದು ಬೇಸಿಗೆಲಿ, ಕೆಸರು ಎಲ್ಲಿಂದ ಬರ್ಬೇಕು? ಆದ್ರೆ ನನ್ ವಿಡಿಯೋದಲ್ಲಿ ಆ ಜಾಗನೇ ಇಲ್ಲ, 3,500 ರೂಪಾಯಿ ಹಿಡ್ಕೊಂಡ್ರು. ಬಂಪರ್ ಕೆಳಗೆ, ನಾಲ್ಕು ಚಕ್ರದ ರಿಮ್ಮು, ಪೆಟ್ರೋಲ್ ಮುಳ್ಳು, ಓಡಿರೋ ಕಿಲೋಮೀಟರ್, ಎಲ್ಲ ಬರ್ಬೇಕು ವಿಡಿಯೋದಲ್ಲಿ.

ಭಾವ ಕೊನೆಗೆ ಒಪ್ಪಿದ್ರು, ಒಂದೇ ದಿನಕ್ಕೆ ಡ್ರೈವರ್ ಗಾಡಿ, ಬನ್ನೇರುಘಟ್ಟಕ್ಕೆ. ಯಾವತ್ತು ಅಂದೆ, ಮಂಗಳವಾರ ಅಂದ್ರು. ಮಂಗಳವಾರ ಪಾರ್ಕಿಗೇ ರಜೆ ಭಾವ.