ಕ್ರೂಗರ್ ಸಫಾರಿ: ಮೊದಲು ರೂಮು, ಆಮೇಲೆ ವಿಮಾನ

ಆಫ್ರಿಕಾ ಸಫಾರಿ ಅಂದ ಕೂಡಲೇ ಪ್ಯಾಕೇಜ್ ಟೂರು, ಐಷಾರಾಮಿ ಲಾಡ್ಜು, ಲಕ್ಷಗಟ್ಟಲೆ ಬಿಲ್ಲು ಅಂತ ಲೆಕ್ಕ ಹಾಕಿ ಸುಮ್ಮನಾಗುವವರೇ ಜಾಸ್ತಿ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಅಷ್ಟೆಲ್ಲ ಹೆದರಬೇಕಿಲ್ಲ. ಕಬಿನಿಯಲ್ಲಿ ನಮ್ಮ ಕಾರು ಹೊರಗೆ ನಿಲ್ಲಿಸಿ ಸಫಾರಿ ಜೀಪ್ ಹತ್ತಬೇಕು. ಒಂದಿಷ್ಟು ಗಂಟೆಯಲ್ಲಿ ಕಂಡಷ್ಟೇ ಭಾಗ್ಯ. ಕ್ರೂಗರ್‌ನಲ್ಲಿ ಬಾಡಿಗೆ ಕಾರನ್ನು ನೀವೇ ಓಡಿಸಿಕೊಂಡು ಬೆಳಗಿನಿಂದ ಸಂಜೆವರೆಗೆ ಕಾಡು ಸುತ್ತಬಹುದು. ಮುಖ್ಯ ರಸ್ತೆಗಳೆಲ್ಲ ಡಾಂಬರು, ಹಾಗಾಗಿ ಸಣ್ಣ ಕಾರೂ ಸಾಕು. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ವಿಮಾನದ ಖರ್ಚಂತೂ ತಪ್ಪಿದ್ದಲ್ಲ, ಉಳಿಸುವ ದಾರಿಗಳು ಅಲ್ಲಿಗೆ ಹೋದ ಮೇಲೆ ಇವೆ.

ತಿಂಗಳು ಆರಿಸಿ

ಅಲ್ಲಿನ ಋತು ನಮಗೆ ತಿರುಗುಮುರುಗು. ಮೇಯಿಂದ ಸೆಪ್ಟೆಂಬರ್‌ವರೆಗೆ ಚಳಿಗಾಲ, ಮಳೆ ಇಲ್ಲ. ಹುಲ್ಲು ಒಣಗಿ ಕುಗ್ಗುತ್ತದೆ, ಹಳ್ಳಗಳು ಬತ್ತುತ್ತವೆ, ಪ್ರಾಣಿಗಳು ನದಿ ಮತ್ತು ನೀರಿನ ಗುಂಡಿಗಳ ಹತ್ತಿರ ಸೇರುತ್ತವೆ. ನೋಡುವುದಕ್ಕೆ ಇದೇ ಒಳ್ಳೆಯ ಕಾಲ. ಮಕ್ಕಳ ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಮೇ ಕೊನೆಗೆ ಹೊಂದಿಸಿಕೊಳ್ಳಿ. ದಸರಾ ರಜೆಯೂ ಅಡ್ಡಿಯಿಲ್ಲ, ಬಿಸಿಲು ಜೋರಿರುತ್ತದೆ ಅಷ್ಟೇ. ಜನವರಿ, ಫೆಬ್ರವರಿಯಲ್ಲಿ ಜೋರು ಮಳೆಯಾದರೆ ಮಣ್ಣಿನ ರಸ್ತೆ, ತಗ್ಗಿನ ಸೇತುವೆಗಳನ್ನು ಮುಚ್ಚಿಬಿಡುತ್ತಾರೆ. ಹಕ್ಕಿ ನೋಡುವ ಹುಚ್ಚಿದ್ದವರಿಗೆ ಮಾತ್ರ ಆ ಕಾಲವೇ ಹಬ್ಬ.

ಕ್ಯಾಂಪ್ ಬುಕ್ ಮಾಡಿ

ಎಲ್ಲರೂ ಎಡವುವುದು ಇಲ್ಲೇ. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ವಿಮಾನ ಬುಕ್ ಮಾಡುತ್ತಾರೆ, ಆಮೇಲೆ ನೋಡಿದರೆ ಕಾಡಿನೊಳಗೆ ರೂಮೇ ಇಲ್ಲ. ಕಾಡಿನೊಳಗೆ ಉಳಿಯಲು ರೂಮು, ಗುಡಿಸಲುಗಳಿರುವ ಕ್ಯಾಂಪ್‌ಗಳನ್ನು ನಡೆಸುವುದು ಸ್ಯಾನ್‌ಪಾರ್ಕ್ಸ್ ಎಂಬ ಸರ್ಕಾರಿ ಸಂಸ್ಥೆ. ಅದರ ವೆಬ್‌ಸೈಟ್‌ನಲ್ಲಿ ತಿಂಗಳುಗಟ್ಟಲೆ ಮುಂಚೆಯೇ ಬುಕಿಂಗ್ ತೆರೆಯುತ್ತದೆ. ಅಲ್ಲಿನ ಶಾಲೆಗಳಿಗೆ ಜೂನ್-ಜುಲೈ ಮತ್ತು ಡಿಸೆಂಬರ್‌ನಲ್ಲಿ ರಜೆ ಇರುವುದರಿಂದ ಆ ವಾರಗಳು ಬೇಗ ಭರ್ತಿ.

ಯಾವ ಕ್ಯಾಂಪ್? ಕ್ರೂಗರ್ ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ಉದ್ದ, ವಿಸ್ತೀರ್ಣ 19,000 ಚದರ ಕಿ.ಮೀ. ದಾಟುತ್ತದೆ. ಪೂರ್ತಿ ನೋಡುತ್ತೇನೆ ಅಂತ ಹೊರಟರೆ ರಸ್ತೆಯನ್ನಷ್ಟೇ ನೋಡಿ ಬರುತ್ತೀರಿ. ಮೊದಲ ಸಲಕ್ಕೆ ದಕ್ಷಿಣ ಮತ್ತು ಮಧ್ಯ ಭಾಗ ಸಾಕು. ಲೋವರ್ ಸಾಬಿಯಲ್ಲಿ ಎರಡು ರಾತ್ರಿ, ಸತಾರಾದಲ್ಲಿ ಎರಡು ರಾತ್ರಿ, ಆಗುವುದಾದರೆ ಸ್ಕುಕುಜಾದಲ್ಲಿ ಒಂದು. ಸ್ಕುಕುಜಾದಿಂದ ಲೋವರ್ ಸಾಬಿಗೆ ಸಾಬಿ ನದಿಯ ಪಕ್ಕದಲ್ಲೇ ಹೋಗುವ ಎಚ್4-1 ರಸ್ತೆ ಚಿರತೆ, ಆನೆಗಳಿಗೆ ಹೆಸರುವಾಸಿ. ಲೋವರ್ ಸಾಬಿ ಪಕ್ಕದ ಸನ್‌ಸೆಟ್ ಡ್ಯಾಮ್‌ನಲ್ಲಿ ಕಾರು ನಿಲ್ಲಿಸಿ ಸುಮ್ನೆ ಕೂತರೂ ನೀರಾನೆ, ಮೊಸಳೆ ಕಾಣುತ್ತವೆ. ಸತಾರಾ ಸುತ್ತ ಬಯಲು ಹುಲ್ಲುಗಾವಲು, ಅಲ್ಲಿನ ಎಸ್100 ಮಣ್ಣುರಸ್ತೆ ಸಿಂಹಗಳಿಗೆ ಪ್ರಸಿದ್ಧ. ಹುಲಿ ಮಾತ್ರ ಇಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಪಶ್ಚಿಮದ ಅಂಚಿಗೆ ಸಾಬಿ ಸ್ಯಾಂಡ್ಸ್ ಎಂಬ ಖಾಸಗಿ ಕಾಡಿದೆ. ಕ್ರೂಗರ್‌ಗೂ ಅದಕ್ಕೂ ನಡುವೆ ಬೇಲಿಯಿಲ್ಲ. ಅಲ್ಲಿ ಲಾಡ್ಜ್‌ನವರು ರಸ್ತೆ ಬಿಟ್ಟು ಪೊದೆಯೊಳಗೂ ಗಾಡಿ ನುಗ್ಗಿಸಿ ಚಿರತೆ ತೋರಿಸುತ್ತಾರೆ. ದುಡ್ಡು ಧಾರಾಳವಾಗಿದ್ದರೆ ಕೊನೆಯಲ್ಲಿ ಒಂದೆರಡು ರಾತ್ರಿ ಇರಿ, ಇಲ್ಲದಿದ್ದರೆ ಬೇಸರ ಬೇಡ.

ಕಾಗದಪತ್ರ, ವಿಮಾನ

ರೂಮು ಖಾತ್ರಿಯಾದ ಮೇಲೆ ವೀಸಾ, ಟಿಕೆಟ್. ಮಕ್ಕಳಿದ್ದರೆ ಅಪ್ಪ-ಅಮ್ಮನ ಹೆಸರಿರುವ ಜನನ ಪ್ರಮಾಣಪತ್ರ ಕೈಯಲ್ಲಿರಲಿ. ಬೆಂಗಳೂರಿನಿಂದ ಜೋಹಾನ್ಸ್‌ಬರ್ಗ್‌ಗೆ ನೇರ ವಿಮಾನವಿಲ್ಲ, ಮಧ್ಯೆ ಒಂದು ಕಡೆ ಬದಲಿಸಬೇಕು. ಅದು ಆಡಿಸ್ ಅಬಾಬಾ ಅಥವಾ ನೈರೋಬಿ ಆಗಿದ್ದರೆ ಕಾಯುವ ಸಮಯ ನೋಡಿಕೊಳ್ಳಿ. 12 ಗಂಟೆಗಿಂತ ಜಾಸ್ತಿ ಕಾಯುವುದಿದ್ದರೆ ಅಥವಾ ವಿಮಾನ ನಿಲ್ದಾಣದಿಂದ ಹೊರಗೆ ಬರುವುದಿದ್ದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕಾಗುತ್ತದೆ. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಅದಕ್ಕೆ ಮಾನ್ಯತೆ.

ಕ್ರೂಗರ್ ಮಲೇರಿಯಾ ಇರುವ ಪ್ರದೇಶ. ಚಳಿಗಾಲದಲ್ಲಿ ಅಪಾಯ ಕಡಿಮೆ, ಆದರೂ ಮಾತ್ರೆ ಬೇಕೇ ಅಂತ ವೈದ್ಯರನ್ನು ಕೇಳಿಯೇ ಹೊರಡಿ. ಪುಟ್ಟ ಮಗುವಿದ್ದು ಅಳುಕು ಇದ್ದರೆ ಮಲೇರಿಯಾ ಇಲ್ಲದ ಪಿಲಾನೆಸ್‌ಬರ್ಗ್ ಕಾಡು ಒಳ್ಳೆಯದು. ಜೋಹಾನ್ಸ್‌ಬರ್ಗ್‌ಗೂ ಅದೇ ಹತ್ತಿರ.

ಕಾರು

ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಕಾರು ಬಾಡಿಗೆಯವರು ಠೇವಣಿಯನ್ನು ಹಿಡಿದಿಡುವುದು ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್‌ನಲ್ಲಿ. ಗಂಡನ ಕಾರ್ಡು, ಹೆಂಡತಿಯ ಲೈಸೆನ್ಸು ಅಂದರೆ ಕೌಂಟರಿನಲ್ಲೇ ತಕರಾರು ಶುರುವಾಗಬಹುದು. ಜೋಹಾನ್ಸ್‌ಬರ್ಗ್‌ನಿಂದ ಕಾಡಿಗೆ ಸುಮಾರು ಐದು ಗಂಟೆ ದಾರಿ. ವಿಮಾನ ಮಧ್ಯಾಹ್ನ ಇಳಿದರೆ ಅಂದೇ ಹೊರಡಬೇಡಿ, ಕತ್ತಲಲ್ಲಿ ಆ ದಾರಿ ಬೇಡ. ವಿಮಾನ ನಿಲ್ದಾಣದ ಹತ್ತಿರವೇ ಮಲಗಿ ಬೆಳಗ್ಗೆ ಹೊರಡಿ.

ಸಸ್ಯಾಹಾರಿಗಳು ದಾರಿಯಲ್ಲಿ ಸಿಗುವ ಎಂಬೊಂಬೆಲಾ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ತುಂಬಿಕೊಳ್ಳಿ. ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಗುಡಿಸಲನ್ನೇ ಬುಕ್ ಮಾಡಿದ್ದರೆ ಊಟದ ಚಿಂತೆ ಮುಗಿಯಿತು. ಅನೇಕ ಗುಡಿಸಲುಗಳಲ್ಲಿ ಫ್ರಿಜ್ ಇರುವುದು ವರಾಂಡದಲ್ಲಿ. ಕೋತಿಗಳಿಗೆ ಅದು ಚೆನ್ನಾಗಿ ಗೊತ್ತು, ಬಾಗಿಲು ಭದ್ರ ಮಾಡಿ. ಅಲ್ಲಿನ ಪ್ಲಗ್ ನಮ್ಮ ಗೀಸರ್ ಪ್ಲಗ್‌ನಂಥ ದಪ್ಪ ಮೂರು ಪಿನ್ನಿನದು, ಅದಕ್ಕೆ ಹೊಂದುವ ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಕಾಡಿನೊಳಗೆ

ಗೇಟಿನಲ್ಲಿ ವಿದೇಶಿಯರಿಗೆ ದಿನಕ್ಕೆ ತಲೆಗೆ 500 ರ್ಯಾಂಡ್ ಮೀರಿದ ಶುಲ್ಕವಿದೆ, ಬಜೆಟ್‌ನಲ್ಲಿ ಇದನ್ನು ಮರೆಯುವವರೇ ಹೆಚ್ಚು. ವೇಗದ ಮಿತಿ ಡಾಂಬರಿನಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನಲ್ಲಿ 40. ನಿಜವಾಗಿ ನೋಡಬೇಕಾದರೆ ಅದರ ಅರ್ಧ ವೇಗ ಸಾಕು. ಸ್ಕುಕುಜಾದಿಂದ ಸತಾರಾಗೆ 90 ಚಿಲ್ಲರೆ ಕಿ.ಮೀ., ಆದರೆ ಅರ್ಧ ದಿನ ಇಟ್ಟುಕೊಳ್ಳಿ. ಇಳಿಯಲು ಗುರುತು ಮಾಡಿದ ಜಾಗ ಬಿಟ್ಟು ಎಲ್ಲೂ ಕಾರಿನಿಂದ ಇಳಿಯುವಂತಿಲ್ಲ, ಕಿಟಕಿಯಿಂದ ಮೈ ಹೊರಹಾಕುವಂತಿಲ್ಲ. ಆನೆ ರಸ್ತೆಗೆ ಬಂದರೆ ದೂರದಲ್ಲೇ ನಿಲ್ಲಿ, ಅದು ನಿಮ್ಮ ಕಡೆ ನಡೆದರೆ ಹಿಂದಕ್ಕೆ ಹೋಗಿ. ದಾರಿ ಅದರದ್ದು, ಅಲ್ವಾ?

ದೊಡ್ಡ ಕ್ಯಾಂಪ್‌ಗಳಲ್ಲಿ ಅಂದು ಯಾವ ಪ್ರಾಣಿ ಎಲ್ಲಿ ಕಂಡಿತು ಅಂತ ಬಣ್ಣದ ಗುರುತು ಅಂಟಿಸಿದ ನಕ್ಷೆ ಇರುತ್ತದೆ. ಬೆಳಗ್ಗೆ ಹೊರಡುವ ಮುನ್ನ ಅದನ್ನೊಮ್ಮೆ ನೋಡಿ. ಒಂದು ಸಂಜೆಯಾದರೂ ಕ್ಯಾಂಪ್‌ನವರ ತೆರೆದ ಗಾಡಿಯ ಸಫಾರಿ ಹತ್ತಿ. ಗೇಟು ಮುಚ್ಚಿದ ಮೇಲೂ ಕಾಡಿನಲ್ಲಿರಲು ಅದೊಂದೇ ದಾರಿ. ಆರು ವರ್ಷದೊಳಗಿನ ಮಕ್ಕಳನ್ನು ಅದಕ್ಕೆ ಹತ್ತಿಸುವುದಿಲ್ಲ. ಜೂನ್‌ನಲ್ಲಾದರೆ ಸ್ವೆಟರ್, ಟೋಪಿ ಬೇಕೇ ಬೇಕು.

ಮೇಯಿಂದ ಜುಲೈವರೆಗೆ ಗೇಟು ಬೆಳಗ್ಗೆ 6ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತದೆ. ತಡವಾದರೆ ದಂಡ. ಮರಳುವ ಹೊತ್ತಿಗೇ ಸಿಂಹ ರಸ್ತೆಯಲ್ಲಿ ಮಲಗಿರುವ ಸಾಧ್ಯತೆ ಜಾಸ್ತಿ, ಹಾಗಾಗಿ ಸಂಜೆ ಒಂದು ಗಂಟೆ ಹೆಚ್ಚುವರಿ ಇಟ್ಟುಕೊಂಡೇ ವಾಪಸ್ ತಿರುಗಿ.